ತಲೆಕೆಳಗಾದ ಒಂಬತ್ತು ಅಡಿ

ಮಗು ಉಫ್ ಎಂದು ಊದಿತು. ಮೇಣದಬತ್ತಿ ಹೊತ್ತಿಕೊಂಡಿತು.

ರೀಲಕ್ಕ ಯಂತ್ರ ನಿಲ್ಲಿಸಿ ಕಣ್ಣುಜ್ಜಿಕೊಂಡಳು. ಮಗಳ ಪರೀಕ್ಷೆಯ ದೆಸೆಯಿಂದ ವಾರದಿಂದ ನಿದ್ದೆ ಅಷ್ಟಕ್ಕಷ್ಟೆ. ಕಣ್ಣೇ ಮೋಸ ಮಾಡಿತೇನೋ ಎಂದು ಮತ್ತೊಮ್ಮೆ ನೋಡಿದಳು. ಇಲ್ಲ. ಪರದೆಯ ಮೇಲೆ ಮೇಜು ಸೂರಿಗೆ ಅಂಟಿಕೊಂಡಿತ್ತು, ಮನುಷ್ಯರು ಬಾವಲಿಗಳ ಹಾಗೆ ನೇತಾಡುತ್ತಿದ್ದರು, ಹೊಗೆ ಎಲ್ಲಿಂದಲೋ ಬಂದು ಬತ್ತಿಯೊಳಗೆ ಇಳಿಯುತ್ತಿತ್ತು. ಒಬ್ಬ ಹೆಂಗಸು ಮಗುವಿನ ಹತ್ತಿರದಿಂದ ಹಿಂದೆ ಹಿಂದೆಯೇ ನಡೆದು ಬಾಗಿಲಾಚೆ ಕರಗಿಹೋದಳು. ಎಲ್ಲವೂ ಮಂಜು ಮಂಜು.

ಅದಕ್ಕೂ ಮುಂಚಿನ ಮೂರು ನಿಮಿಷ ಒಂದು ಸರೋವರ, ಒಂದು ದೋಣಿ, ಗಾಳಿಗೆ ಸೆರಗು ಹಿಡಿದುಕೊಂಡು ನಗುವ ಅದೇ ಹೆಂಗಸು. ಆ ಚಿತ್ರಗಳು ಕನ್ನಡಿಯಷ್ಟು ನಿಚ್ಚಳ. ಆಮೇಲೆ ಯಂತ್ರದ ಬಾಯಲ್ಲಿ ಟಕ್ ಎಂದು ಏನೋ ತಡೆದು ಮುಂದಕ್ಕೆ ಹೋಗಿತ್ತು. ಅಲ್ಲಿಂದ ಶುರು ಈ ತಲೆಕೆಳಗಿನ ಲೋಕ.

ರೀಲು ಬಿಡುವವರು ಊರ ತುಂಬ ಇದ್ದಾರೆ, ಅದನ್ನು ನೆಟ್ಟಗೆ ಮಾಡುವವಳು ಇವಳೊಬ್ಬಳೇ ಎಂದು ಕೆಳಗಿನ ಬೀಗದ ಅಂಗಡಿಯವನು ತಮಾಷೆ ಮಾಡುತ್ತಿದ್ದ. ಅವನು ಇಟ್ಟ ಹೆಸರೇ ರೀಲಕ್ಕ. ಮನೆಮನೆಗಳ ಕಪಾಟಿನಲ್ಲಿ ಹುಳಿ ವಾಸನೆ ಹಿಡಿದು ಕೂತ ಎಂಟು ಮಿಲಿಮೀಟರಿನ ಫಿಲ್ಮುಗಳನ್ನು ಒರೆಸಿ, ಹರಿದಲ್ಲಿ ಅಂಟಿಸಿ, ಒಂದೊಂದು ಚೌಕದ ಫೋಟೊ ತೆಗೆದು ಕಂಪ್ಯೂಟರಿಗೆ ಇಳಿಸಿಕೊಡುವುದು ಅವಳ ಕೆಲಸ. ಹದಿನೇಳು ವರ್ಷದಲ್ಲಿ ಎಷ್ಟು ಮನೆಯ ಮದುವೆ, ಎಷ್ಟು ಮನೆಯ ಮಕ್ಕಳ ಮೊದಲ ಹೆಜ್ಜೆ ಅವಳ ಬೆರಳ ಸಂದಿನಲ್ಲಿ ಹಾದುಹೋಗಿದ್ದವೋ. ಅವಳಿಗೆ ತಿಳಿದಿದ್ದ ಸತ್ಯ ಒಂದೇ. ಕ್ಯಾಮೆರಾ ಹಿಡಿದವರು ಚಿತ್ರದಲ್ಲಿ ಇರುವುದಿಲ್ಲ. ಅವಳದೇ ಫೋನಿನಲ್ಲಿ ಮಗಳ ಒಂಬತ್ತು ಸಾವಿರ ಫೋಟೊ ಇದ್ದವು. ನಾಳೆ ಯಾರಾದರೂ ನೋಡಿದರೆ ಆ ಹುಡುಗಿಗೆ ತಾಯಿಯೇ ಇರಲಿಲ್ಲ ಅಂದುಕೊಳ್ಳಬೇಕು.

ಈ ಹತ್ತು ಡಬ್ಬಿಗಳು ಕನ್ನಡಕದಂಗಡಿಯವಳದು. ನಾಲ್ಕು ವಾರದ ಹಿಂದೆ, ತೀರಿಕೊಂಡ ಅಪ್ಪನ ಕಪಾಟಿನ ತಳದಲ್ಲಿ ಸಿಕ್ಕವೆಂದು ತಂದು ಮೇಜಿನ ಮೇಲಿಟ್ಟು, ಅವಳು ಕೇಳಿದ್ದು ಒಂದೇ ಮಾತು: ನನ್ನ ಅಮ್ಮ ನಿಜವಾಗಿ ಯಾವತ್ತು ಹೋದಳು ಅಂತ ಇದರಲ್ಲಿ ಎಲ್ಲಾದರೂ ಇದೆಯಾ ನೋಡಿ.

ಮನೆಯವರು ಹೇಳುತ್ತಾ ಬಂದ ಉತ್ತರ ಅವಳಿಗೆ ಬಾಯಿಪಾಠ. ಅವಳ ನಾಲ್ಕನೆಯ ಹುಟ್ಟುಹಬ್ಬ ಇಪ್ಪತ್ತಮೂರನೆಯ ತಾರೀಖು. ಅಮ್ಮ ಮನೆ ಬಿಟ್ಟದ್ದು ಅದೇ ತಿಂಗಳ ಎರಡಕ್ಕೆ. ಠಾಣೆಯಲ್ಲಿ ಬರೆಸಿದ ದೂರಿನಲ್ಲೂ ಹಾಗೆಯೇ ಇದೆ. ದೂರು ಬರೆದುಕೊಂಡ ಅಧಿಕಾರಿ ಎದುರು ಮನೆಯಲ್ಲೇ ಇದ್ದವರು, ಮುಂದೆ ಅವಳಿಗೆ ಸೈಕಲ್ ಕಲಿಸಿದವರು. ಅವಳು ಅವರನ್ನು ಎದುರುಮನೆ ಮಾವ ಎಂದೇ ಕರೆಯುವುದು. ದೂರಿನ ನಕಲನ್ನು ಹಳೆಯ ಕಾಗದಗಳಿಂದ ಹುಡುಕಿಕೊಟ್ಟವರೂ ಅವರೇ. ಇನ್ನು ಸಾಕು ಬಿಡು ಪುಟ್ಟಿ, ಹೋದವರನ್ನು ಹುಡುಕಬಾರದು ಎಂದು ಬುದ್ಧಿ ಹೇಳಿದ್ದರಂತೆ.

ಹುಟ್ಟುಹಬ್ಬಕ್ಕೆ ಇಪ್ಪತ್ತೊಂದು ದಿನ ಕಾಯದೆ ಹೋದಳು. ಅಷ್ಟೇ. ಅದೊಂದಕ್ಕೆ ನಲವತ್ತೆರಡು ವರ್ಷದಿಂದ ಅವಳು ಹುಟ್ಟುಹಬ್ಬ ಆಚರಿಸಿಕೊಂಡಿರಲಿಲ್ಲ. ಹೋದದ್ದಕ್ಕಲ್ಲ, ಕಾಯದೆ ಹೋದದ್ದಕ್ಕೆ ಅಂದಿದ್ದಳು.

ರೀಲಕ್ಕ ಫಿಲ್ಮಿನ ಉದ್ದ ಅಳೆಯುವ ಚಕ್ರ ತಂದಳು.

ಈ ಫಿಲ್ಮುಗಳು ಅಂಗಡಿಯಿಂದ ಬರುವುದೇ ಐವತ್ತು ಅಡಿಯ ಸುರುಳಿಯಾಗಿ. ಅಪ್ಪ ಗಡಿಯಾರ ರಿಪೇರಿಯವನು, ಹೇಳಬೇಕೇ. ಒಂದೊಂದು ಡಬ್ಬಿಯ ಮೇಲೂ ಸಾಸಿವೆಕಾಳಿನಂಥ ಅಕ್ಷರದಲ್ಲಿ ತಾರೀಖು, ಜಾಗ, ಬಿಸಿಲಿತ್ತೋ ಮೋಡವಿತ್ತೋ ಎಲ್ಲ ಬರೆದಿಟ್ಟಿದ್ದ. ಒಂದು ಸುರುಳಿಗೆ ಒಂದು ಡಬ್ಬಿ, ಬೆರಕೆಯಿಲ್ಲ. ಮೊದಲ ಎಂಟು ಡಬ್ಬಿ ಹೆಚ್ಚುಕಮ್ಮಿ ಐವತ್ತೈವತ್ತೇ ಅಡಿ ಬಂದಿದ್ದವು.

ಒಂಬತ್ತನೆಯದರ ಮೇಲೆ ‘ದೋಣಿ’ ಎಂದಿತ್ತು, ಹುಟ್ಟುಹಬ್ಬದ ಹಿಂದಿನ ತಿಂಗಳ ತಾರೀಖು. ಅಳೆದರೆ ಐವತ್ತೊಂಬತ್ತು ಅಡಿ.

ಹತ್ತನೆಯದರ ಮೇಲೆ ‘ಪುಟ್ಟಿಗೆ ನಾಲ್ಕು’ ಎಂದಿತ್ತು. ನಲವತ್ತೊಂದು.

ಹನ್ನೊಂದನೆಯ ಡಬ್ಬಿ ಇರಲಿಲ್ಲ. ಆ ಹುಟ್ಟುಹಬ್ಬ ಆದ ಮೇಲೆ ಅಪ್ಪ ಕ್ಯಾಮೆರಾ ಮುಟ್ಟಲೇ ಇಲ್ಲ, ಗೋಡೆಗೆ ಚಿತ್ರ ಬಿಟ್ಟು ತೋರಿಸಲೂ ಇಲ್ಲ.

ಒಂದು ಕಡೆ ಒಂಬತ್ತು ಅಡಿ ಕಡಿಮೆ, ಪಕ್ಕದಲ್ಲೇ ಒಂಬತ್ತು ಅಡಿ ಜಾಸ್ತಿ. ರೀಲಕ್ಕ ಕೈಗವಸು ಹಾಕಿಕೊಂಡು ಟಕ್ಕೆಂದ ಜಾಗವನ್ನು ಬೆಳಕಿನ ಹಲಗೆಯ ಮೇಲೆ ಹರಡಿದಳು.

ಹರಿದಲ್ಲಿ ಅಪ್ಪ ಹಾಕಿದ ಜೋಡಣೆಗಳನ್ನು ಅವಳು ಬಲ್ಲಳು. ಗಾಜಿನಷ್ಟು ನಯವಾದ ಅಂಟು, ಉಗುರಿಗೂ ಸಿಗದು. ಇದು ಹಾಗಲ್ಲ. ಸಾದಾ ಅಂಟುಪಟ್ಟಿ, ಹಳದಿಗಟ್ಟಿ ಗೋಂದು ಬೆವರಿತ್ತು. ಪಟ್ಟಿ ಮುಚ್ಚಿದ, ಫಿಲ್ಮಿನ ಅಂಚಿನ ಚೌಕ ತೂತುಗಳನ್ನು ಯಾರೋ ಸೂಜಿಯಿಂದ ಚುಚ್ಚಿ ಚುಚ್ಚಿ ತೆರೆದಿದ್ದರು, ಬಟ್ಟೆಗೆ ಗುಂಡಿಮನೆ ಬಿಡಿಸಿದ ಹಾಗೆ. ಭೂತಗನ್ನಡಿ ಇಟ್ಟು ನೋಡಿದಾಗ ಅವಳಿಗೆ ನಗು ಬಂತು. ಆಮೇಲೆ ಬರಲಿಲ್ಲ.

ಕತ್ತರಿಸಿದ ಅಂಚು ನೇರವಾಗಿರಲಿಲ್ಲ. ಹಲ್ಲು ಹಲ್ಲಾಗಿತ್ತು.

*

ಮಧ್ಯಾಹ್ನ ಒಂದಕ್ಕೆ ಅಂಗಡಿಗೆ ಬೀಗ ಹಾಕಿ ಕನ್ನಡಕದವಳು ಮರದ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಊಟದ ಡಬ್ಬಿ, ಹಣೆಯ ಮೇಲೆ ಒಂದು ಕನ್ನಡಕ, ಮೂಗಿನ ಮೇಲೊಂದು. ನಿಮಗೂ ತಂದಿದ್ದೀನಿ, ಉಪವಾಸ ಕೂತರೆ ಫಿಲ್ಮು ಓಡುತ್ತಾ ಎಂದು ಗದರಿದಳು. ರೀಲಕ್ಕ ಭೂತಗನ್ನಡಿ ಅವಳತ್ತ ಸರಿಸಿದಳು.

ಅವಳು ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

“ಇದು ಚಿಕ್ಕಮ್ಮನ ಕತ್ತರಿ,” ಅಂದಳು.

ಬಟ್ಟೆಯ ಅಂಚಿನ ನೂಲು ಬಿಚ್ಚದಿರಲಿ ಎಂದು ದರ್ಜಿಗಳು ಇಟ್ಟುಕೊಳ್ಳುವ ಹಲ್ಲುಕತ್ತರಿ. ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು ಅಮ್ಮನ ತಂಗಿ. ಹೊಲಿಗೆ ಯಂತ್ರದ ಮುಂದೆ ಕೂತೇ ಸಾಕಿದವಳು. ಅಪ್ಪ ಮತ್ತೆ ಮದುವೆಯಾಗಲಿಲ್ಲ, ಚಿಕ್ಕಮ್ಮ ಮದುವೆಯೇ ಆಗಲಿಲ್ಲ. ಆ ಕತ್ತರಿಯಲ್ಲಿ ಒಮ್ಮೆ ಪುಸ್ತಕದ ಹಾಳೆ ಕತ್ತರಿಸಿದ್ದಕ್ಕೆ, ಕಾಗದ ಮುಟ್ಟಿದರೆ ಮೊಂಡಾಗುತ್ತೆ ಎಂದು ಚಿಕ್ಕಮ್ಮ ಬೆನ್ನಿಗೆ ಒಂದು ಬಿಟ್ಟಿದ್ದಳಂತೆ. ಇಡೀ ಬಾಲ್ಯದಲ್ಲಿ ತಿಂದ ಏಟು ಅದೊಂದೇ. ಅಂಥ ಕತ್ತರಿಯನ್ನು ತಾನೇ ಫಿಲ್ಮಿಗೆ ಹಾಕಿದ್ದಾಳೆ ಅಂದರೆ ಏನು ಅರ್ಜೆಂಟಿತ್ತು?

ರೀಲಕ್ಕನಿಗೆ ತಲೆಕೆಳಗಾದ ಗುಟ್ಟೂ ಆಗಲೇ ಹೊಳೆದಿತ್ತು. ಫಿಲ್ಮಿಗೆ ಎರಡು ಮೈ. ಒಂದು ಹೊಳೆಯುವುದು, ಒಂದು ಮಾಸಲು. ಬಿಂಬ ಕೂತಿರುವುದು ಮಾಸಲು ಮೈಯಲ್ಲಿ. ಜೋಡಿಸುವಾಗ ಎರಡು ತುಂಡಿನ ಮಾಸಲು ಮೈಯೂ ಒಂದೇ ಕಡೆಗಿರಬೇಕು. ಆದರೆ ಬಟ್ಟೆ ಹೊಲಿಯುವವರ ಕೈ ಪಳಗಿರುವುದೇ ಬೇರೆ ರೀತಿ. ಎರಡು ತುಂಡನ್ನು ಮುಖಕ್ಕೆ ಮುಖ ಕೂರಿಸಿಯೇ ಅವರು ಹೊಲಿಗೆ ಹಾಕುವುದು. ಚಿಕ್ಕಮ್ಮ ಫಿಲ್ಮಿಗೂ ಅದನ್ನೇ ಮಾಡಿದ್ದಳು. ಮುಖಕ್ಕೆ ಮುಖ ಇಟ್ಟು, ತೂತಿನ ಸಾಲಿಗೆ ತೂತಿನ ಸಾಲು ಹೊಂದಿಸಿ, ಅಂಟಿಸಿಬಿಟ್ಟಿದ್ದಳು. ಹಾಗಾಗಿ ಒಂಬತ್ತು ಅಡಿಯ ತುಂಡು ಮಗುಚಿಕೊಂಡು, ಕೊನೆಯಿಂದ ಮೊದಲಿಗೆ, ಕಾಲು ಮೇಲಾಗಿ ಓಡುತ್ತಿತ್ತು. ಬಿಂಬದ ಮೈ ಆಚೆಗೆ ಹೋದದ್ದಕ್ಕೇ ಆ ಮಂಜು.

“ಅದರಲ್ಲಿ ಏನಿದೆ?” ಕನ್ನಡಕದವಳು ಕೇಳಿದಳು.

ನೆಟ್ಟಗೆ ಮಾಡಿ ತೋರಿಸುತ್ತೇನೆ, ಹತ್ತು ನಿಮಿಷ ಕೊಡಿ ಎಂದಳು ರೀಲಕ್ಕ. ಆ ಹತ್ತು ನಿಮಿಷ ಸಿಗಲಿಲ್ಲ. ಕೆಳಗೆ ಕಾರು ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ನಿಧಾನವಾದ, ಎರಡೆರಡು ಸಲ ನಿಂತು ಉಸಿರು ತೆಗೆದುಕೊಂಡ ಹೆಜ್ಜೆಗಳು ಕೇಳಿದವು.

*

ಬಾಗಿಲಲ್ಲಿ ನಿಂತ ಮುದುಕಿ ಸಣ್ಣ ಆಳು. ಕುತ್ತಿಗೆಯಲ್ಲಿ ಇನ್ನೂ ಅಳತೆಯ ಟೇಪು, ಹೊರಡುವ ಗಡಿಬಿಡಿಯಲ್ಲಿ ತೆಗೆಯಲು ಮರೆತದ್ದು. ಮೊದಲು ಅವಳ ಕಣ್ಣು ಹೋದದ್ದು ಪುಟ್ಟಿಯ ಮುಖದ ಕಡೆಗಲ್ಲ, ಬೆಳಕಿನ ಹಲಗೆಯ ಕಡೆಗೆ.

ಡಬ್ಬಿಗಳನ್ನು ವಾಪಸು ತಗೊಂಡು ಹೋಗೋಣ ಅಂತ ಬಂದೆ ಅಂದಳು. ನಿನ್ನೆ ಪುಟ್ಟಿ ಫೋನಿನಲ್ಲಿ ಒಂಬತ್ತನೆಯದು ನಾಳೆ ಅಂದಳಂತೆ. ತನಗೆ ರಾತ್ರಿಯಿಂದ ಮನಸ್ಸಿಗೆ ಸಮಾಧಾನವಿಲ್ಲ, ಸತ್ತವರ ವಸ್ತು ಮನೆಯಲ್ಲಿದ್ದರೇ ಚೆನ್ನ. ಎದುರುಮನೆಯವರು ಪಾಪ, ಕಾರಿನಲ್ಲಿ ಕರೆದುಕೊಂಡು ಬಂದಿದ್ದಾರೆ, ಕೆಳಗೆ ಕಾಯುತ್ತಿದ್ದಾರೆ. ಹೊತ್ತಾಗುತ್ತೆ.

“ಕೂತ್ಕೋ ಚಿಕ್ಕಮ್ಮ.”

“ಕೂರೋಕೆ ಬಂದಿಲ್ಲ ಪುಟ್ಟಿ.”

“ಕೂತ್ಕೋ.”

ನಲವತ್ತಾರು ವರ್ಷದ ಪುಟ್ಟಿ ಆ ದನಿಯಲ್ಲಿ ಮಾತಾಡಿದ್ದು ಇದೇ ಮೊದಲಿರಬೇಕು. ಮುದುಕಿ ಕೂತಳು. ರೀಲಕ್ಕ ನೀರು ಕೊಟ್ಟಳು. ಅವಳಿಗೆ ಈ ಹೆಂಗಸಿನ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಅದೇ ಅವಳಿಗೆ ತೊಂದರೆಯಾಗಿತ್ತು. ಒಂದು ಕಾಲು ಯಂತ್ರದ ಮೇಲೆ, ಒಂದು ಕೈ ಮಗುವಿನ ಮೇಲೆ ಇಟ್ಟುಕೊಂಡು ಬದುಕುವುದು ಹೇಗಿರುತ್ತದೆಂದು ಅವಳಿಗೂ ಗೊತ್ತಿತ್ತು.

ಹಲ್ಲಿನ ಅಂಚು ತೋರಿಸಿದಾಗ ಚಿಕ್ಕಮ್ಮ ಅಲ್ಲಗಳೆಯಲಿಲ್ಲ. ಹೌದು, ತಾನೇ ಕತ್ತರಿಸಿದ್ದು. ಅದು ಮೂರನೆಯ ಹುಟ್ಟುಹಬ್ಬದ ತುಂಡು, ಎಲ್ಲೋ ಬಿಡಿಯಾಗಿ ಬಿದ್ದಿತ್ತು, ಹಾಳಾಗದಿರಲಿ ಎಂದು ಸಿಕ್ಕ ರೀಲಿಗೆ ಅಂಟಿಸಿದೆ. ಅಕ್ಕ ಇದ್ದ ಕಾಲದ್ದು, ಅದಕ್ಕೇ ಅಕ್ಕನಿರುವ ರೀಲಿಗೆ. ಇದರಲ್ಲೇನು ತಪ್ಪು?

“ಫ್ರಾಕು?” ರೀಲಕ್ಕ ಆ ತುಂಡಿನ ಒಂದು ಚಿತ್ರವನ್ನು ಪರದೆಗೆ ತಂದು, ಬೆಳಗ್ಗೆಯೇ ಇಳಿಸಿಕೊಂಡಿದ್ದ ಹತ್ತನೆಯ ರೀಲಿನದೊಂದನ್ನು ಪಕ್ಕಕ್ಕಿಟ್ಟಳು. ಅಂಗಳದಲ್ಲಿ ಹೊಸ ಫ್ರಾಕು ತೊಟ್ಟ ಮಗು ಗಿರಗಿರ ಸುತ್ತುತ್ತಿತ್ತು. “ಎರಡರಲ್ಲೂ ಒಂದೇ ಫ್ರಾಕು ಇದೆಯಲ್ಲ.”

ದರ್ಜಿಯ ಉತ್ತರ ಸಿದ್ಧವಿತ್ತು. ಮೂರಕ್ಕೆ ಹೊಲಿದದ್ದು, ಕೆಳಗೆ ನಾಲ್ಕು ಬೆರಳು ಮಡಿಕೆ ಒಳಗಿಟ್ಟಿದ್ದೆ, ನಾಲ್ಕಕ್ಕೆ ಬಿಚ್ಚಿ ಉದ್ದ ಮಾಡಿದೆ. ಬೆಳೆಯುವ ಮಗುವಿಗೆ ವರ್ಷಕ್ಕೊಂದು ಹೊಸದು ಎಲ್ಲಿಂದ ತರುವುದು? ಬೇಕಿದ್ದರೆ ಮೇಣದಬತ್ತಿ ಎಣಿಸಿ.

ಎಣಿಸಲಾಗುತ್ತಿರಲಿಲ್ಲ. ಬತ್ತಿಗಳಿಗೆ ಅಡ್ಡವಾಗಿ ತುಂಡಿನುದ್ದಕ್ಕೂ ಒಂದು ತೋಳಿತ್ತು. ಚಿಕ್ಕಮ್ಮನದೇ ತೋಳು.

ಒಪ್ಪಬೇಕಾದ ಮಾತೇ. ಕನ್ನಡಕದವಳ ಮುಖ ಒಂದು ಕ್ಷಣ ಇಳಿಯಿತು. ಆಸೆಪಟ್ಟದ್ದು ಜಾಸ್ತಿಯಾಯಿತೇನೋ ಎಂಬಂತೆ ಅವಳು ರೀಲಕ್ಕನತ್ತ ನೋಡಿದಳು.

ರೀಲಕ್ಕ ಹತ್ತನೆಯ ರೀಲನ್ನು ನಿಧಾನಕ್ಕೆ ಓಡಿಸಿದಳು. ಅಂಗಳ, ಬಿಸಿಲು, ಸುತ್ತುವ ಮಗು, ಅದರ ತಲೆ ಬಾಚಲು ಬಾಚಣಿಗೆ ಹಿಡಿದು ಅಟ್ಟಿಸಿಕೊಂಡು ಬರುವ ಚಿಕ್ಕಮ್ಮ. ಪರದೆ ಒಮ್ಮೆಲೇ ಕಿತ್ತಳೆ ಬಣ್ಣಕ್ಕೆ ಭಗ್ಗೆಂದು ಮತ್ತೆ ಸರಿಹೋಯಿತು. ಆಮೇಲೆ ಹೊಸ್ತಿಲಲ್ಲಿ ಮಗು, ತಲೆ ಅರ್ಧ ಕತ್ತರಿಸಿಹೋಗಿದೆ, ಚಿತ್ರ ಅಲ್ಲಾಡುತ್ತಿದೆ. ನಾಲ್ಕು ಸೆಕೆಂಡು, ಅಷ್ಟೇ. ಖಾಲಿ.

“ಆ ಬೆಳಕು ನೋಡಿದ್ರಲ್ಲ,” ಅಂದಳು. “ಫಿಲ್ಮು ಒಳಗಿರುವಾಗಲೇ ಯಾರೋ ಕ್ಯಾಮೆರಾದ ಬಾಗಿಲು ತೆಗೆದಿದ್ದಾರೆ. ಬಿಸಿಲು ಒಳಗೆ ನುಗ್ಗಿದೆ. ಇನ್ನು ಕೆಳಗಡೆ, ಬಲಗಡೆ ಮೂಲೆ ನೋಡಿ.”

ಬಲ ಮೂಲೆಯಲ್ಲಿ ಒಂದು ಕೂದಲೆಳೆ. ಕೊಂಕಿದ್ದು, ತುದಿಯಲ್ಲಿ ಸಣ್ಣ ಗಂಟು. ಬೆಳಕು ಭಗ್ಗೆನ್ನುವ ಮೊದಲು ಅದು ಇರಲಿಲ್ಲ. ಆಮೇಲೆ ಪ್ರತಿ ಚೌಕದಲ್ಲೂ ಇದೆ.

ಕ್ಯಾಮೆರಾ ತೆರೆದಾಗ ಒಳಗೆ ಹೊಕ್ಕ ಎಳೆ, ಫಿಲ್ಮಿನ ಮುಂದಿನ ಕಿಂಡಿಗೆ ಸಿಕ್ಕಿಕೊಂಡಿದೆ ಎಂದು ರೀಲಕ್ಕ ವಿವರಿಸಿದಳು. ಯಾರಾದರೂ ಒರೆಸುವವರೆಗೆ ಅದು ಅಲ್ಲಾಡುವುದಿಲ್ಲ. ನಿಮ್ಮ ಭಾವ ಪ್ರತಿ ಸಲ ಹೊಸ ಸುರುಳಿ ಹಾಕುವ ಮೊದಲು ಕುಂಚದಿಂದ ಒರೆಸುತ್ತಿದ್ದರು, ಮಿಕ್ಕ ಒಂಬತ್ತು ಸುರುಳಿಯಲ್ಲಿ ಒಂದು ಧೂಳಿನ ಕಣವೂ ಸಿಗಲಿಲ್ಲ. ಅಂದರೆ ಈ ಎಳೆಯ ಆಯುಸ್ಸು ಈ ಒಂದೇ ಸುರುಳಿ.

ಆಮೇಲೆ ಅವಳು ತಲೆಕೆಳಗಿನ ತುಂಡಿನ ಒಂದು ಚಿತ್ರ ತಂದಳು. ಬಲ ಮೂಲೆ, ಆದರೆ ಮೇಲ್ಗಡೆ. ಕೊಂಕು, ಗಂಟು. ಒಂದು ಗುಂಡಿ ಒತ್ತಿದಳು, ಚಿತ್ರ ಮಗುಚಿ ನೆಟ್ಟಗಾಯಿತು. ಎಳೆ ಕೆಳಗಿಳಿಯಿತು. ಇನ್ನೊಂದು ಗುಂಡಿ ಒತ್ತಿ ಹತ್ತನೆಯ ರೀಲಿನ ಚಿತ್ರವನ್ನು ಅದರ ಮೇಲೆ ಕೂರಿಸಿದಳು. ಎರಡು ಎಳೆ ಒಂದಾದವು.

ಚಿಕ್ಕಮ್ಮ ಕುತ್ತಿಗೆಯ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳತೊಡಗಿದಳು, ಬಿಚ್ಚಿದಳು, ಸುತ್ತಿದಳು.

“ಎರಡಕ್ಕೆ ಹೋಗಲಿಲ್ಲ ಅವಳು,” ಅಂದಳು ಕಡೆಗೆ. “ಇದ್ದಳು. ಆ ದಿನ ಮನೇಲೇ ಇದ್ದಳು.”

ಕನ್ನಡಕದವಳು ಎದ್ದು ನಿಂತಳು. ಹಣೆಯ ಮೇಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

“ತೋರಿಸಿ,” ಅಂದಳು ರೀಲಕ್ಕನಿಗೆ.

*

ಮೂವತ್ತಾರು ಸೆಕೆಂಡು.

ರೀಲಕ್ಕ ತುಂಡನ್ನು ಬಿಡಿಸಿ, ತಿರುಗಿಸಿ, ಮಾಸಲು ಮೈ ಸರಿಯಾದ ಕಡೆಗೆ ತಂದು ಮತ್ತೆ ಯಂತ್ರಕ್ಕೆ ಕೊಟ್ಟಿದ್ದಳು. ಮಂಜು ಹರಿದಿತ್ತು. ಮೇಜು ನೆಲಕ್ಕಿಳಿದಿತ್ತು. ಬಿಳಿ ಹಾಸಿನ ಮೇಲೆ ಕೇಕು, ಕುರ್ಚಿಯ ಮೇಲೆ ಮಂಡಿಯೂರಿದ ಮಗು, ಅದು ಬೀಳದಂತೆ ಅಡ್ಡ ಹಿಡಿದ ಚಿಕ್ಕಮ್ಮನ ತೋಳು.

ಒಳಬಾಗಿಲಲ್ಲಿ ಒಬ್ಬಳು ಕಾಣಿಸಿಕೊಂಡಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಇತ್ತ ಒಮ್ಮೆ ನೋಡಿ, ನಗದೆ, ಮಗುವಿನ ಕಡೆಗೆ ನಡೆದಳು. ಬೆಳಗ್ಗೆ ತಲೆಕೆಳಗಾಗಿ ಹಿಂದೆ ಹಿಂದೆ ನಡೆದು ಮಗುವನ್ನು ಬಿಟ್ಟು ಹೋದ ಹೆಂಗಸು ಅವಳೇ. ಈಗ ಒಂದೊಂದೇ ಹೆಜ್ಜೆ ಇಟ್ಟು ಬಳಿಗೆ ಬರುತ್ತಿದ್ದಳು. ಬಂದು ಬಗ್ಗಿ, ಮಗುವಿನ ಕಿವಿಯಲ್ಲಿ ಏನೋ ಹೇಳಿದಳು. ಮಗು ಕೆನ್ನೆ ಉಬ್ಬಿಸಿ ಊದಿತು. ಬತ್ತಿ ಆರಿ ಹೊಗೆ ಎದ್ದಿತು. ಅಮ್ಮ ಮಗುವಿನ ತಲೆಗೆ ಗಲ್ಲ ಊರಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು.

“ಇನ್ನೊಮ್ಮೆ,” ಅಂದಳು ಕನ್ನಡಕದವಳು.

ಇನ್ನೊಮ್ಮೆ ಓಡಿತು. ಮತ್ತೊಮ್ಮೆ ಓಡಿತು. ಅವಳು ಅಳುತ್ತಿರಲಿಲ್ಲ. ದೂರದ ಅಕ್ಷರ ಓದುವವರ ಹಾಗೆ ಕಣ್ಣು ಕಿರಿದು ಮಾಡಿ, ತುಟಿ ಅಲ್ಲಾಡಿಸುತ್ತಾ, ಕಿವಿಯಲ್ಲಿ ಅಮ್ಮ ಹೇಳಿದ್ದೇನು ಎಂದು ತಾನೂ ಹೇಳಿ ನೋಡುತ್ತಿದ್ದಳು. ಬಹುಶಃ ‘ಊದು’ ಎಂದಿರಬೇಕು. ಅದಕ್ಕಿಂತ ದೊಡ್ಡ ಮಾತೇನೂ ಇರಲಾರದು. ಅಷ್ಟು ಸಾಕಾಗಿತ್ತು ಅವಳಿಗೆ.

“ಕಾದಿದ್ದಾಳೆ,” ಅಂದಳು, ಯಾರಿಗೆಂದಿಲ್ಲದೆ.

ಕತ್ತರಿಸಲು ಯಾರು ಹೇಳಿದರು ಎಂದು ರೀಲಕ್ಕ ಮೆಲ್ಲಗೆ ಚಿಕ್ಕಮ್ಮನನ್ನು ಕೇಳಿದಳು.

“ಕತ್ತರಿಸೋಕೆ ಯಾರೂ ಹೇಳಲಿಲ್ಲ. ಸುಡು ಅಂದಿದ್ದರು.” ಮುದುಕಿ ಟೇಪನ್ನೇ ನೋಡುತ್ತಿದ್ದಳು. “ಒಲೆ ಮುಂದೆ ಕೂತೆ. ಕೈ ಬರಲಿಲ್ಲ. ಅಕ್ಕ ಅಲ್ವಾ. ದೋಣಿಯ ರೀಲಲ್ಲಿ ಹೇಗೂ ಅವಳಿದ್ದಾಳೆ, ಅಲ್ಲೇ ಇರಲಿ, ಯಾರು ಹುಡುಕ್ತಾರೆ ಅಂದುಕೊಂಡೆ.”

“ಸುಡು ಅಂದದ್ದು ಅಪ್ಪನಾ?” ಕನ್ನಡಕದವಳು ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

“ನಿಮ್ಮಪ್ಪ ಆ ದಿನದಿಂದ ಮಾತೇ ಬಿಟ್ಟ. ನೀನು ನೋಡಿದ್ದೀಯಲ್ಲ.”

ಅದು ಉತ್ತರವಾಗಿರಲಿಲ್ಲ. ಅಮ್ಮ ಹೋದದ್ದು ಯಾವಾಗ ಎಂದರೆ, ಆ ಸಂಜೆ ಎಂದಳು. ಎಲ್ಲಿಗೆ ಎಂದರೆ ಬಾಯಿ ಬಿಗಿದಳು. ತಾರೀಖನ್ನು ಎರಡು ಅಂತ ಯಾಕೆ ಬರೆಸಿದಿರಿ ಎಂದದ್ದಕ್ಕೆ ಮಾತ್ರ ಒಂದು ಮಾತು ಬಂತು. ಹುಟ್ಟುಹಬ್ಬದ ದಿನ ಮನೆಗೆ ಯಾರು ಬಂದಿದ್ದರು ಅಂತ ಮುಂದೆ ಯಾರೂ ಕೇಳಬಾರದು, ಅದಕ್ಕೆ.

ಬಂದಿದ್ದರು. ರೀಲಕ್ಕನ ಮನಸ್ಸು ಆ ಮಾತಿಗೆ ಸಿಕ್ಕಿಕೊಂಡಿತು, ಕಿಂಡಿಗೆ ಎಳೆ ಸಿಕ್ಕಿಕೊಂಡ ಹಾಗೆ.

ನಾಲ್ಕನೆಯ ಸಲ ತುಂಡು ಓಡುವಾಗ ಅವಳು ಅಮ್ಮನನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಹದಿನೇಳು ವರ್ಷದ ಅಭ್ಯಾಸ, ಎಲ್ಲರೂ ನೋಡುವುದನ್ನು ಬಿಟ್ಟು ಅಂಚುಗಳನ್ನು ನೋಡುವುದು. ಎಡ ಅಂಚಿನಲ್ಲಿ ಕಿಟಕಿಗೆ ಒರಗಿ ಒಬ್ಬ ಗಂಡಸು ನಿಂತಿದ್ದ. ಸಣಕಲು ಮೈ. ಗಡಿಯಾರ ನೋಡುವ ಕರಿಯ ಮಸೂರ ಹಣೆಗೇರಿತ್ತು. ಎರಡು ಕೈಯೂ ಖಾಲಿ, ಪಕ್ಕಕ್ಕೆ ಇಳಿಬಿದ್ದಿದ್ದವು. ಏನು ಮಾಡಬೇಕೆಂದು ತಿಳಿಯದವನ ಕೈಗಳು.

“ಇವರು...”

“ಅಪ್ಪ,” ಅಂದಳು ಕನ್ನಡಕದವಳು. ಹೇಳಿದ ಮೇಲೆ ಅವಳಿಗೂ ಹೊಳೆಯಿತು. ಹತ್ತು ಸುರುಳಿಯಲ್ಲಿ ಎಲ್ಲೂ ಇಲ್ಲದ ಅಪ್ಪ.

ಮನೆಯಲ್ಲಿದ್ದವರೇ ನಾಲ್ಕು ಜನ. ಅಪ್ಪ, ಅಮ್ಮ, ಚಿಕ್ಕಮ್ಮ, ಮಗು. ನಾಲ್ವರೂ ಚಿತ್ರದೊಳಗೆ. ಯಾರ ಕೈಗೂ ಕೊಡದ ಕ್ಯಾಮೆರಾವನ್ನು ಆ ದಿನ ಅಪ್ಪನ ಕೈಯಿಂದ ತೆಗೆದುಕೊಂಡವರು, ಬಾಗಿಲು ಯಾವುದು ಗುಂಡಿ ಯಾವುದು ಗೊತ್ತಿಲ್ಲದೆ ಬಿಸಿಲು ಒಳಗೆ ಬಿಟ್ಟವರು, ಯಾರು?

ರೀಲಕ್ಕ ಚಿತ್ರ ನಿಲ್ಲಿಸಿ ಒಂದೊಂದೇ ಚೌಕ ಹಿಂದೆ ಸರಿಸಿದಳು. ಅಮ್ಮ ಬಾಗಿಲಲ್ಲಿ. ಅಮ್ಮ ಇತ್ತ ನೋಡಿದ, ನಗದ ಆ ಚೌಕ. ಕ್ಯಾಮೆರಾ ಹಿಡಿದವರ ಬೆನ್ನಿಗೆ ಬೀದಿಬಾಗಿಲು ತೆರೆದಿದ್ದಿರಬೇಕು. ಬಿಸಿಲು ಹಿಂದಿನಿಂದ ಬಿದ್ದು ಮೇಜಿನ ಬಿಳಿ ಹಾಸಿನ ಮೇಲೆ ಒಂದು ನೆರಳು ಚಾಚಿತ್ತು. ಭುಜ, ಮಡಿಸಿದ ಮೊಣಕೈ, ಮುಖದ ಜಾಗದಲ್ಲಿ ಕ್ಯಾಮೆರಾದ ಉಬ್ಬು. ಅದರ ಮೇಲೆ ತಲೆ. ತಲೆಯ ಮೇಲೆ, ಕತ್ತರಿಯಿಂದ ಕತ್ತರಿಸಿಟ್ಟಷ್ಟು ಸ್ಪಷ್ಟವಾಗಿ, ಮುಂದೆ ಚುಂಚು ಇರುವ ಗಟ್ಟಿ ಟೋಪಿ. ಠಾಣೆಯವರು ತೊಡುವಂಥದು.

ಚಿಕ್ಕಮ್ಮನ ಕಣ್ಣು ಕಿಟಕಿಗೆ ಹೋಯಿತು. ಕಿಟಕಿಯ ಕೆಳಗೆ ನಿಂತ ಕಾರಿಗೆ.

ಕನ್ನಡಕದವಳು ಅದನ್ನು ನೋಡಿದಳು. ಅವಳ ಕೈಚೀಲದಲ್ಲಿ ದೂರಿನ ನಕಲು ಇತ್ತು. ಎರಡನೆಯ ತಾರೀಖಿನಿಂದ ಕಾಣೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿದ್ದ ಕಾಗದ. ಆ ಕೈಯೇ ಸೈಕಲ್ಲಿನ ಸೀಟು ಹಿಂದಿನಿಂದ ಹಿಡಿದು, ಬಿಡಲ್ಲ ಪುಟ್ಟಿ ನೋಡು ಮುಂದೆ ನೋಡು ಎಂದು ಓಡಿ ಬಂದದ್ದು.

ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ಆಮೇಲೆ ಮೊದಲ ಮೆಟ್ಟಿಲ ಮೇಲೆ ಊರುಗೋಲು. ಟಕ್. ಎರಡನೆಯದು. ಟಕ್.

ಚಿಕ್ಕಮ್ಮ ರೀಲಕ್ಕನ ಮಣಿಕಟ್ಟು ಹಿಡಿದಳು. ಸೂಜಿ ಹಿಡಿದು ಗಡುಸಾದ ಬೆರಳು ತಣ್ಣಗಿದ್ದವು. “ತಿರುಗಿಸಮ್ಮ ಅದನ್ನ,” ಅಂದಳು ಪಿಸುದನಿಯಲ್ಲಿ. “ಹೇಗಿತ್ತೋ ಹಾಗೆ, ತಲೆಕೆಳಗು ಮಾಡಿಬಿಡು. ನಲವತ್ತೆರಡು ವರ್ಷ ಈ ಮಗೂನ ಕಾಪಾಡಿದ್ದೀನಿ. ಅವರು ನೋಡಬಾರದು.”

ರೀಲಕ್ಕನ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಒಂದು ಕ್ಷಣದ ಕೆಲಸ. ಅವಳು ಒತ್ತಲಿಲ್ಲ, ಒತ್ತದೆಯೂ ಇರಲಾರಳು ಎಂಬಂತೆ ಕನ್ನಡಕದವಳನ್ನು ನೋಡಿದಳು. ಇದು ಅವಳ ಅಮ್ಮ. ಅವಳೇ ಹೇಳಬೇಕು.

ಊರುಗೋಲು ಕೊನೆಯ ತಿರುವಿಗೆ ಬಂದಿತ್ತು. “ಪುಟ್ಟೀ,” ಎಂದು ಕೆಳಗಿನಿಂದ ಅಕ್ಕರೆಯ, ವಯಸ್ಸಾದ ದನಿ ಬಂತು. “ಚಿಕ್ಕಮ್ಮನ ಕೆಲಸ ಮುಗೀತೇನಮ್ಮ? ಡಬ್ಬಿ ಎತ್ತೋಕೆ ನಾನು ಬರಲಾ?”

ಕನ್ನಡಕದವಳು ಬಗ್ಗಿ ನೆಲಕ್ಕೆ ಬಿದ್ದಿದ್ದ ಕನ್ನಡಕ ಎತ್ತಿಕೊಂಡು, ಸೆರಗಿಗೆ ಒರೆಸಿಕೊಂಡಳು. ಪರದೆಯನ್ನು ಬಾಗಿಲಿನ ಕಡೆಗೆ ತಿರುಗಿಸಿದಳು.

“ಬನ್ನಿ ಮಾವ,” ಅಂದಳು. “ನೀವು ತೆಗೆದ ಸಿನಿಮಾನೇ ನೋಡ್ತಾ ಇದ್ದೀವಿ.”

ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ನಿಂತಿತು.